ಕ್ಯಾಮೆರಾ ಡ್ರೋನ್ ಮತ್ತು ಕೆಳಗೆ ನಿಂತವರು



ಇವತ್ತು ನಾನು ಮಾತಾಡಬೇಕೆಂದಿರುವುದು ಹವ್ಯಾಸಕ್ಕಾಗಿ ಕ್ಯಾಮೆರಾ ಡ್ರೋನ್ ಹಾರಿಸುವವರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದು ತಲೆಯ ಮೇಲೆ ಬಂದು ನಿಂತಾಗ ಕೆಳಗಿರುವ ಜನ ಏನು ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ ಎಂಬುದರ ಬಗ್ಗೆ. ಸೇನೆಯ ಡ್ರೋನ್, ಹೊಲಕ್ಕೆ ಔಷಧ ಹೊಡೆಯುವ ಡ್ರೋನ್, ದಸರೆಯಲ್ಲಿ ಬನ್ನಿಮಂಟಪದ ಮೇಲೆ ಬೆಳಕಿನ ಚಿತ್ರ ಬಿಡಿಸುವ ಡ್ರೋನ್, ಇವೆಲ್ಲಕ್ಕೂ ಬೇರೆ ಬೇರೆ ಉಪನ್ಯಾಸಗಳೇ ಬೇಕಾದಾವು. ನನ್ನ ಕಾಳಜಿ ಸಣ್ಣದು. ಒಬ್ಬ ಹವ್ಯಾಸಿ, ಅವನ ಕೈಯಲ್ಲೊಂದು ರಿಮೋಟು, ಮೇಲೊಂದು ಕ್ಯಾಮೆರಾ, ಕೆಳಗೆ ಅವನಿಗೆ ಗುರುತಿಲ್ಲದ ನಾಲ್ಕು ಜನ.

2015ರ ಜುಲೈನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಹಿಲ್‌ವ್ಯೂ ಎಂಬ ಊರಿನಲ್ಲಿ ಒಬ್ಬ ಮನೆಯೊಡೆಯ ತನ್ನ ಹಿತ್ತಲಿನ ಮೇಲೆ ಹಾರುತ್ತಿದ್ದ ಡ್ರೋನನ್ನು ಬಂದೂಕಿನಿಂದ ಹೊಡೆದು ಬೀಳಿಸಿದ. ಅವನ ಹೆಣ್ಣುಮಕ್ಕಳು ಹೊರಗೆ ಹಿತ್ತಲಲ್ಲಿದ್ದರು. ಡ್ರೋನು ಅವರ ಮೇಲೆ ಸುಳಿದಾಡುತ್ತಿದೆ ಎಂದು ಅವನ ದೂರು. ಡ್ರೋನಿನ ಒಡೆಯ ತನ್ನ ಹಾರಾಟದ ದಾಖಲೆ ತೋರಿಸಿ, ಅದು 200 ಅಡಿಗಿಂತ ಮೇಲೆ ಹೋಗುತ್ತಿತ್ತು, ಅಲ್ಲಿ ನಿಂತಿರಲೇ ಇಲ್ಲ ಎಂದ. ಗುಂಡು ಹಾರಿದ ಮೇಲೆ ಡ್ರೋನ್ ಕಡೆಯವರು ಕಾರಿನಲ್ಲಿ ಅದನ್ನು ಹುಡುಕುತ್ತ ಬಂದರು. ಒಬ್ಬರನ್ನೊಬ್ಬರು ಅವರು ಕಂಡದ್ದು ಆಗಲೇ, ಅದೂ ಮನೆಯೊಡೆಯನ ಸೊಂಟದಲ್ಲಿ ಪಿಸ್ತೂಲು ಇದ್ದ ಹೊತ್ತಿನಲ್ಲಿ. ಪೊಲೀಸರು ಅವನನ್ನು ಬಂಧಿಸಿದರು. ಅಕ್ಟೋಬರಿನಲ್ಲಿ ಸ್ಥಳೀಯ ನ್ಯಾಯಾಧೀಶರು ಪ್ರಕರಣವನ್ನೇ ವಜಾ ಮಾಡಿದರು. ಡ್ರೋನಿನ ಒಡೆಯ ಫೆಡರಲ್ ನ್ಯಾಯಾಲಯಕ್ಕೆ ಹೋದ. 2017ರಲ್ಲಿ ಅದು ತನ್ನ ವ್ಯಾಪ್ತಿಯ ಮಾತಲ್ಲವೆಂದು ದಾವೆಯನ್ನು ಕೈಬಿಟ್ಟಿತು. ಹಿತ್ತಲಿನ ಮೇಲಿನ ಆಕಾಶ ಎಷ್ಟು ಎತ್ತರದವರೆಗೆ ಯಾರದು ಎಂಬ ಪ್ರಶ್ನೆ ಇದ್ದಲ್ಲಿಯೇ ಉಳಿಯಿತು. ಆ ಮನೆಯೊಡೆಯನಿಗೆ ಮಾತ್ರ ದೇಶದ ತುಂಬ ಅಭಿಮಾನಿಗಳು ಹುಟ್ಟಿಕೊಂಡರು.

ನಾನು ಈ ಪ್ರಕರಣಕ್ಕೆ ಮತ್ತೆ ಮತ್ತೆ ಮರಳುವುದು ಬಂದೂಕಿನ ಕಾರಣಕ್ಕಲ್ಲ. ಗುಂಡು ಹೊಡೆಯುವ ಮೊದಲು ಆ ತಂದೆಗೆ ಒಂದು ಮಾತು ಕೇಳಬೇಕೆನಿಸಿದ್ದರೆ, ಯಾರನ್ನು ಕೇಳಬಹುದಿತ್ತು? ಮೇಲೆ ಒಂದು ಯಂತ್ರವಿದೆ, ಅದಕ್ಕೊಂದು ಕಣ್ಣಿದೆ, ಆದರೆ ಆ ಕಣ್ಣಿನವನು ಎಲ್ಲೋ ಮರೆಯಲ್ಲಿದ್ದಾನೆ. ಡ್ರೋನ್ ಕಂಡಾಗ ಜನರಲ್ಲಿ ಏಳುವ ಸಿಟ್ಟು, ದಿಗಿಲು, ಅನುಮಾನ ಇವುಗಳ ಬುಡದಲ್ಲಿ ನನಗೆ ಕಾಣುವುದು ಈ ಸಂಗತಿಯೇ: ‘ಇದು ಯಾರದಪ್ಪಾ? ಯಾಕೆ ಇಲ್ಲಿಗೆ ಬಂದೆ?’ ಎಂದು ಕೇಳುವುದಕ್ಕೆ ಎದುರಿಗೆ ಒಬ್ಬ ಮನುಷ್ಯನೇ ಇಲ್ಲ.

ಜನರಿಗೆ ಯಂತ್ರದ ಮೇಲೆ ಹುಟ್ಟುದ್ವೇಷವೇನೂ ಇಲ್ಲ. 2017ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕನ್ನರನ್ನು ಮಾತಾಡಿಸಿ ಒಂದು ಸಮೀಕ್ಷೆ ಮಾಡಿತು. ಆಗ ಡ್ರೋನ್ ಇದ್ದವರು ಶೇ. 8, ಹಾರುವುದನ್ನು ಕಣ್ಣಾರೆ ಕಂಡವರು ಶೇ. 59. ಮನೆಯ ಹತ್ತಿರ ಡ್ರೋನ್ ಕಂಡರೆ ಏನನ್ನಿಸುತ್ತದೆ ಎಂದರೆ ಶೇ. 58 ಮಂದಿ ಕುತೂಹಲ ಎಂದರು. ಕಳವಳ ಎಂದವರು ಶೇ. 26, ಸಿಟ್ಟು ಬರುತ್ತದೆ ಎಂದವರು ಶೇ. 12, ಹೆದರಿಕೆ ಎಂದವರು ಶೇ. 11. ಆದರೆ ಅದೇ ಜನರಲ್ಲಿ ಶೇ. 54 ಮಂದಿ, ಮನೆಗಳ ಬಳಿ ಡ್ರೋನ್ ಹಾರಿಸಲು ಬಿಡಲೇಬಾರದು ಎಂದರು. ನೋಡಲು ಆಸೆ, ನಮ್ಮ ಮನೆಯ ಮೇಲೆ ಮಾತ್ರ ಬೇಡ. ಇದರಲ್ಲಿ ಎಡಬಿಡಂಗಿತನ ಹುಡುಕುವವರಿದ್ದಾರೆ. ನನಗೆ ಇದು ಸರಿಯಾದ ವಿವೇಕವಾಗಿಯೇ ಕಾಣುತ್ತದೆ. ನಮ್ಮೂರ ಬೀದಿಯಲ್ಲಿ ನಿಂತು ಯಾರು ಏನು ಬೇಕಾದರೂ ನೋಡಲಿ, ಕಿಟಕಿಯೊಳಗೆ ಇಣುಕಬೇಡಿ ಎಂದು ನಾವು ಹೇಳುವುದಿಲ್ಲವೆ?

ಸದ್ದಿನ ಮಾತೂ ಇದೆ. ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದ ಸಂಶೋಧಕರು 2017ರಲ್ಲಿ ಜನರಿಗೆ ಡ್ರೋನಿನ ಸದ್ದನ್ನೂ ರಸ್ತೆಯ ವಾಹನಗಳ ಸದ್ದನ್ನೂ ಕೇಳಿಸಿ ನೋಡಿದರು. ಎರಡರ ಗಟ್ಟಿತನ ಒಂದೇ ಇದ್ದಾಗಲೂ ಕೇಳುಗರಿಗೆ ಹೆಚ್ಚು ಕಿರಿಕಿರಿ ಮಾಡಿದ್ದು ಡ್ರೋನಿನ ಗುಂಯ್‌ಗುಡುವಿಕೆ. ಲಾರಿ ಬರುತ್ತದೆ, ಹೋಗುತ್ತದೆ. ಡ್ರೋನು ಸೊಳ್ಳೆಯ ಹಾಗೆ ಅಲ್ಲೇ ಸುತ್ತುತ್ತದೆ.

ಕ್ಯಾಮೆರಾ ಹಿಡಿದ ಹವ್ಯಾಸಿಯ ಮೇಲೆ ಜನ ಸಿಡಿಮಿಡಿಗೊಂಡದ್ದು ಇದೇ ಮೊದಲಲ್ಲ. 1888ರಲ್ಲಿ ಕೊಡಕ್ ಕ್ಯಾಮೆರಾ ಬಂತು. ಅದುವರೆಗೆ ಫೋಟೋ ಎಂದರೆ ಸ್ಟುಡಿಯೋಕ್ಕೆ ಹೋಗಿ ಅಲುಗಾಡದೆ ಕೂರುವುದು. ಕೊಡಕ್ ಬಂದ ಮೇಲೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಗುಂಡಿ ಒತ್ತಬಹುದಾಯಿತು. ಕಡಲತೀರದಲ್ಲಿ ಮೀಯುವವರ ಚಿತ್ರವನ್ನು ಹೇಳದೆ ಕೇಳದೆ ತೆಗೆಯುವ ಹುಡುಗರ ಮೇಲೆ ಪತ್ರಿಕೆಗಳಲ್ಲಿ ದೂರುಗಳು ಬಂದವು. ಎರಡೇ ವರ್ಷಕ್ಕೆ, 1890ರಲ್ಲಿ, ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿಸ್ ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಒಂದು ಲೇಖನ ಬರೆದರು. ದಿಢೀರ್ ಫೋಟೋಗ್ರಫಿ ಮತ್ತು ಪತ್ರಿಕೆಗಳು ಮನೆಯೊಳಗಿನ ಬದುಕಿಗೆ ನುಗ್ಗುತ್ತಿವೆ ಎಂಬುದೇ ಅವರ ಅಳಲು. ಇಂದು ನಾವು ಖಾಸಗಿತನದ ಬಗ್ಗೆ ಆಡುವ ಎಷ್ಟೋ ಮಾತು ಅಲ್ಲಿಂದ ಹೊರಟದ್ದು. ಹವ್ಯಾಸಿಯ ಕೈಯಲ್ಲಿದ್ದ ಒಂದು ಪೆಟ್ಟಿಗೆ ನ್ಯಾಯಶಾಸ್ತ್ರವನ್ನೇ ಅಷ್ಟು ದೂರ ತಳ್ಳಿತು.

ಕೊಡಕ್‌ನ ಸಿಟ್ಟು ಕ್ರಮೇಣ ತಣ್ಣಗಾಯಿತು. ಡ್ರೋನಿನದೂ ಹಾಗೆಯೇ ಆಗುತ್ತದೆ, ಜನ ಒಗ್ಗಿಕೊಳ್ಳುತ್ತಾರೆ ಎಂದು ಹವ್ಯಾಸಿಗಳು ವಾದಿಸುತ್ತಾರೆ. ಅಷ್ಟು ಸುಲಭವಾಗಿ ನಾನು ಒಪ್ಪಲಾರೆ. ಕೊಡಕ್ ಹಿಡಿದವನು ನಿಮ್ಮೆದುರಿಗೇ ಇರುತ್ತಿದ್ದ. ನೀವು ಅವನನ್ನು ದುರುಗುಟ್ಟಿ ನೋಡಬಹುದಿತ್ತು, ಸೆರಗು ಎಳೆದುಕೊಳ್ಳಬಹುದಿತ್ತು, ಹತ್ತಿರ ಹೋಗಿ ‘ಏನ್ರೀ ಇದು’ ಎನ್ನಬಹುದಿತ್ತು. ಅವನೂ ನಕ್ಕು ಕ್ಷಮೆ ಕೇಳಬಹುದಿತ್ತು. ಒಗ್ಗಿಕೊಳ್ಳುವುದು ಎಂದರೆ ಇಂಥ ಸಾವಿರಾರು ಸಣ್ಣ ವ್ಯವಹಾರಗಳು ನಡೆದು ಒಂದು ಮರ್ಯಾದೆ ನೆಲೆಯಾಗುವುದು. ಡ್ರೋನು ಕಣ್ಣನ್ನು ಒಂದು ಕಡೆ, ಮುಖವನ್ನು ಇನ್ನೊಂದು ಕಡೆ ಇಟ್ಟಿದೆ. ಮರ್ಯಾದೆ ಕುದುರುವ ಸಂದರ್ಭವೇ ಒದಗುವುದಿಲ್ಲ.

ಹವ್ಯಾಸಿಗಳ ಇನ್ನೊಂದು ಉತ್ತರವಿದೆ. ‘ಅಷ್ಟು ಮೇಲಿಂದ ಯಾರ ಮುಖವೂ ಕಾಣುವುದಿಲ್ಲ ಸ್ವಾಮಿ, ಎಲ್ಲ ಇರುವೆಯಷ್ಟು ಕಾಣುತ್ತದೆ.’ ಈ ಉತ್ತರ ಒಂದು ಕಾಲಕ್ಕೆ ಪ್ರಾಮಾಣಿಕವಾಗಿತ್ತು. 2013ರಲ್ಲಿ ಡಿಜೆಐ ಕಂಪನಿಯ ಫ್ಯಾಂಟಮ್ ಬಂದು ಈ ಹವ್ಯಾಸವನ್ನು ಸಾಮಾನ್ಯರ ಕೈಗೆ ತಂದಾಗ, ಅದಕ್ಕೆ ಜೋಡಿಸುತ್ತಿದ್ದ ಕ್ಯಾಮೆರಾದ್ದು ಅಗಲ ನೋಟದ ಮಸೂರ. ಬೆಟ್ಟ, ಕೆರೆ, ತೋಟಗಳಿಗೆ ಒಳ್ಳೆಯದು; ಕದ್ದು ನೋಡುವುದಕ್ಕೆ ನಿರುಪಯೋಗಿ. ಹಾಗೆ ನೋಡಬೇಕೆನ್ನುವವನು ಒಂದು ದುರ್ಬೀನು ಕೊಂಡರೆ ಅಗ್ಗದಲ್ಲಿ ಮುಗಿಯುತ್ತಿತ್ತು. ಆದರೆ 2018ರಲ್ಲಿ ಅದೇ ಕಂಪನಿಯ ಜೂಮ್ ಇರುವ ಮ್ಯಾವಿಕ್ ಬಂತು, 2021ರ ಮ್ಯಾವಿಕ್ 3ರಲ್ಲಿ ಅಗಲ ನೋಟದ ಮಸೂರದ ಜೊತೆಗೆ ದೂರವನ್ನು ಹತ್ತಿರಕ್ಕೆಳೆಯುವ ಟೆಲಿ ಮಸೂರವೂ ಕೂತಿತು. ಈಗ ಕೆಳಗೆ ನಿಂತವರಿಗೆ ಮೇಲಿರುವುದು ಯಾವುದೆಂದು ತಿಳಿಯುವ ದಾರಿಯಿಲ್ಲ. ಏನೂ ಕಾಣುವುದಿಲ್ಲ ಎಂಬ ಮಾತನ್ನು ನಂಬಿ ಎಂದು ಅವರನ್ನು ಒತ್ತಾಯಿಸುವ ನೈತಿಕ ಹಕ್ಕು ಹವ್ಯಾಸಿಗಳಿಗೆ ಉಳಿದಿಲ್ಲ ಎಂದೇ ನಾನು ತಿಳಿಯುತ್ತೇನೆ.

ನಮ್ಮ ಕಡೆ ಹಳ್ಳಿಯಲ್ಲಿ ಡ್ರೋನ್ ಎದ್ದರೆ ಮೊದಲು ಓಡಿ ಬರುವವರು ಮಕ್ಕಳು. ಹಿಂದೆಯೇ ದೊಡ್ಡವರು. ಅವರ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಎಷ್ಟು ರೇಟು, ಎಷ್ಟು ದೂರ ಹೋಗುತ್ತೆ, ನಮ್ಮನೆ ಕಾಣುತ್ತಾ? ಪರದೆಯಲ್ಲಿ ತಮ್ಮ ಮನೆಯ ಹೆಂಚು, ತಮ್ಮ ಕಣ, ತಮ್ಮ ತೆಂಗಿನ ಸಾಲು ಕಂಡಾಗ ಅವರ ಮುಖ ಅರಳುವುದನ್ನು ನೋಡಬೇಕು. ಹುಟ್ಟಿದಂದಿನಿಂದ ಬದುಕಿದ ಊರನ್ನು ಅವರು ಮೇಲಿನಿಂದ ಕಾಣುತ್ತಿರುವುದು ಅದೇ ಮೊದಲು. ಆದರೆ 2020ರ ನಂತರ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಸರ್ವೆಗೆ ಬಂದಿದೀರಾ?’ ಆ ವರ್ಷದ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಊರೊಳಗಿನ ಮನೆ ಜಾಗಗಳನ್ನು ಡ್ರೋನಿನಿಂದ ಅಳೆದು ಹಕ್ಕುಪತ್ರ ಕೊಡುವ ಕೆಲಸ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಲ್ಲಿಂದ ಮುಂದೆ ಡ್ರೋನ್ ಎಂದರೆ ಗಡಿ, ಒತ್ತುವರಿ, ಖಾತೆ. ಅದೇ ವರ್ಷದ ಲಾಕ್‌ಡೌನಿನಲ್ಲಿ ಪೊಲೀಸರ ಡ್ರೋನು ಕಂಡು ಗುಂಪು ಸೇರಿದವರು ದಿಕ್ಕಾಪಾಲಾಗಿ ಓಡುವ ವಿಡಿಯೋಗಳನ್ನು ನಾವೆಲ್ಲ ನೋಡಿದ್ದೇವೆ. 2024ರ ಫೆಬ್ರವರಿಯಲ್ಲಿ ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಪೊಲೀಸರು ಡ್ರೋನಿನಿಂದ ಅಶ್ರುವಾಯು ಸುರಿದಾಗ ರೈತರು ಅದನ್ನು ಕೆಡವಲು ಗಾಳಿಪಟ ಹಾರಿಸಿದರು. ಹವ್ಯಾಸಿ ತನ್ನ ಪಾಡಿಗೆ ಸೂರ್ಯಾಸ್ತ ತೆಗೆಯಲು ಬಂದಿರುತ್ತಾನೆ. ಕೆಳಗಿನವರ ನೆನಪಿನಲ್ಲಿ ಇಷ್ಟೆಲ್ಲ ಇರುತ್ತದೆ.

ಪಟ್ಟಣದ ತಾರಸಿಗಳ ವಿಷಯ ಬೇರೆ. ನಮ್ಮಲ್ಲಿ ತಾರಸಿ ಎಂದರೆ ಬಟ್ಟೆ ಒಣಹಾಕುವ, ಹಪ್ಪಳ ಸಂಡಿಗೆ ಇಡುವ, ತಲೆ ಒಣಗಿಸಿಕೊಳ್ಳುತ್ತ ಹೆಂಗಸರು ಹೆರಳು ಬಿಚ್ಚಿ ಕೂರುವ ಜಾಗ. ರಸ್ತೆಯಿಂದ ಕಾಣದು ಎಂಬ ಒಂದೇ ಭರವಸೆಯ ಮೇಲೆ ಅದು ಮನೆಯ ಒಳಭಾಗವಾಗಿದೆ. ಪಕ್ಕದ ಕಲ್ಯಾಣಮಂಟಪದಿಂದ ಮದುವೆ ಡ್ರೋನೊಂದು ಎದ್ದು ದಿಬ್ಬಣವನ್ನು ಹಿಡಿಯಲು ಸುತ್ತು ಹೊಡೆದರೆ ಆ ಭರವಸೆ ಹರಿಯಿತು. ಹಾರಿಸುವ ಹುಡುಗನ ಗಮನವೆಲ್ಲ ಮದುಮಕ್ಕಳ ಮೇಲೆಯೇ ಇರಬಹುದು. ತಾರಸಿಯ ಮೇಲಿದ್ದಾಕೆಗೆ ಅದು ಹೇಗೆ ಗೊತ್ತಾಗಬೇಕು? ಅವಳು ಸುಮ್ಮನೆ ಎದ್ದು ಕೆಳಗಿಳಿದು ಹೋಗುತ್ತಾಳೆ. ದೂರು ಕೊಡುವುದಿಲ್ಲ, ಕೂಗುವುದಿಲ್ಲ, ಯಾವ ಸಮೀಕ್ಷೆಯಲ್ಲೂ ಎಣಿಕೆಗೆ ಬರುವುದಿಲ್ಲ. ಸಾರ್ವಜನಿಕ ಪ್ರತಿಕ್ರಿಯೆ ಎಂದಾಗ ನಾವು ಜಗಳಗಳನ್ನೇ ನೆನೆಯುತ್ತೇವೆ. ನನ್ನ ಮಟ್ಟಿಗೆ ಹೆಚ್ಚು ನೋಯಿಸುವುದು ಹೀಗೆ ಸದ್ದಿಲ್ಲದೆ ಜಾಗ ಬಿಟ್ಟುಕೊಡುವುದು.

ಇಷ್ಟು ಹೊತ್ತು ಕೆಳಗಿನವರ ಪರವಾಗಿ ಹೇಳಿದೆ. ಇನ್ನು ಹಾರಿಸುವವರ ಪಾಡನ್ನೂ ಹೇಳಬೇಕು. ಮುಖವಿಲ್ಲದ ಭಯ ಒಂದು ಮುಖವನ್ನು ಹುಡುಕಿಕೊಂಡು ಹೊರಡುತ್ತದೆ. ಸಿಕ್ಕವರ ಗತಿ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಗ್ಯಾಟ್ವಿಕ್ ಸಾಕ್ಷಿ.

2018ರ ಡಿಸೆಂಬರ್ 19ರ ರಾತ್ರಿ ಲಂಡನ್ನಿನ ಹತ್ತಿರದ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಒಬ್ಬ ಭದ್ರತಾ ಸಿಬ್ಬಂದಿ ಎರಡು ಡ್ರೋನ್ ಕಂಡೆನೆಂದ. ರನ್‌ವೇ ಮುಚ್ಚಿದರು. ತೆರೆಯಲು ಹೊರಟಾಗಲೆಲ್ಲ ಮತ್ತೆ ಯಾರಿಗೋ ಡ್ರೋನ್ ಕಂಡಿತು. ಕ್ರಿಸ್‌ಮಸ್ ಎದುರಿಗಿದ್ದ ದಿನಗಳು. ಸುಮಾರು 1,000 ವಿಮಾನಗಳ ಹಾರಾಟ ಅಸ್ತವ್ಯಸ್ತವಾಯಿತು, ಸುಮಾರು 1,40,000 ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಕೊಂಡರು. ಸೇನೆ ಬಂತು. ಪೊಲೀಸರು ತಮ್ಮದೇ ಡ್ರೋನ್‌ಗಳನ್ನು ಮೇಲೆ ಕಳಿಸಿದರು. ಜನರಿಗೆ ಆಮೇಲೆ ಕಂಡ ಕೆಲವು ಡ್ರೋನ್‌ಗಳು ಅವೇ ಇರಬಹುದೆಂದು ಅವರೇ ನಂತರ ಒಪ್ಪಿಕೊಂಡರು. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಆ ನಿಲ್ದಾಣದಲ್ಲಿ, ಇದೇ ಆ ಡ್ರೋನು ಎಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಹೊರಬರಲಿಲ್ಲ.

21ರ ರಾತ್ರಿ ಹತ್ತಿರದ ಊರಿನ ದಂಪತಿಯನ್ನು ಬಂಧಿಸಿದರು. ಗಂಡನಿಗೆ ರಿಮೋಟಿನಿಂದ ಹಾರಿಸುವ ಆಟಿಕೆಗಳ ಹವ್ಯಾಸ. ಡ್ರೋನ್ ಕಾಣಿಸಿಕೊಂಡ ಹೊತ್ತಿನಲ್ಲಿ ಅವನು ಕೆಲಸದಲ್ಲಿದ್ದ ಎಂದು ಅವನ ಧಣಿಯೇ ಹೇಳಿದರೂ ಇಬ್ಬರನ್ನೂ ಸುಮಾರು 36 ಗಂಟೆ ಹಿಡಿದಿಟ್ಟರು. ಅಷ್ಟರಲ್ಲಿ ಅವರ ಹೆಸರು, ಚಿತ್ರ ಪತ್ರಿಕೆಗಳ ಮುಖಪುಟಕ್ಕೆ ಹೋಗಿತ್ತು. ಹಬ್ಬ ಕೆಡಿಸಿದವರು ಇವರೇ ಏನು ಎಂದು ದೇಶವೇ ಕೇಳುತ್ತಿತ್ತು. ಆರೋಪವಿಲ್ಲದೆ ಬಿಟ್ಟ ದಿನವೇ ತನಿಖೆಯ ಹಿರಿಯ ಅಧಿಕಾರಿ, ಅಲ್ಲಿ ನಿಜವಾಗಿ ಡ್ರೋನೇ ಇಲ್ಲದಿದ್ದ ಸಾಧ್ಯತೆಯೂ ಇದೆ ಎಂದುಬಿಟ್ಟರು. ಸರ್ಕಾರ ಆ ಮಾತನ್ನು ಅಲ್ಲಗಳೆಯಿತು. 2019ರ ಸೆಪ್ಟೆಂಬರಿನಲ್ಲಿ ಒಬ್ಬ ಆರೋಪಿಯೂ ಸಿಗದೆ ತನಿಖೆ ಮುಗಿಯಿತು. 2020ರಲ್ಲಿ ಸಸೆಕ್ಸ್ ಪೊಲೀಸರು ಆ ದಂಪತಿಗೆ ಪರಿಹಾರ ಮತ್ತು ಖರ್ಚು ಸೇರಿ 2,00,000 ಪೌಂಡ್ ಕೊಟ್ಟು ರಾಜಿ ಮಾಡಿಕೊಂಡರು. ಗ್ಯಾಟ್ವಿಕ್ಕಿನಲ್ಲಿ ಡ್ರೋನ್ ಇತ್ತೋ ಇಲ್ಲವೋ, ಅಲ್ಲಿನ ಹವ್ಯಾಸಿಗಳು ಮಾತ್ರ ಅಂದಿನಿಂದ ಪಾರ್ಕಿನಲ್ಲಿ ಬ್ಯಾಗು ಬಿಚ್ಚಲೂ ಹಿಂದೆ ಮುಂದೆ ನೋಡುವಂತಾಯಿತು.

2024ರ ನವೆಂಬರ್, ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ ನಡೆಯಿತು. ರಾತ್ರಿಯ ಆಕಾಶದಲ್ಲಿ ನಿಗೂಢ ಡ್ರೋನ್‌ಗಳೆಂದು ಎಫ್‌ಬಿಐಗೆ 5,000ಕ್ಕೂ ಹೆಚ್ಚು ಕರೆಗಳು; ಬೆನ್ನು ಹತ್ತುವಷ್ಟು ಹುರುಳಿದ್ದವು ನೂರರ ಆಸುಪಾಸು. ಮೇರಿಲ್ಯಾಂಡಿನ ಮಾಜಿ ಗವರ್ನರ್ ಲ್ಯಾರಿ ಹೋಗನ್ ತಮ್ಮ ಮನೆಯ ಮೇಲೆ ಕಂಡ ಡ್ರೋನ್‌ಗಳೆಂದು ಹಾಕಿದ ವಿಡಿಯೋದಲ್ಲಿದ್ದದ್ದು ಮಹಾವ್ಯಾಧ ನಕ್ಷತ್ರಪುಂಜ. ವಿಮಾನಗಳು, ಹೆಲಿಕಾಪ್ಟರ್‌ಗಳು, ನಕ್ಷತ್ರಗಳು, ಕಾನೂನುಬದ್ಧ ಡ್ರೋನ್‌ಗಳು ಇವೆಲ್ಲ ಕಲಸಿಕೊಂಡಿವೆ ಎಂದು ಡಿಸೆಂಬರ್ 16ರಂದು ಸರ್ಕಾರಿ ಸಂಸ್ಥೆಗಳು ಒಟ್ಟಾಗಿ ಹೇಳಿದವು. ಅಷ್ಟರಲ್ಲಿ ಜನ ಪ್ರಯಾಣಿಕ ವಿಮಾನಗಳ ಕಡೆಗೇ ಲೇಸರ್ ಬಿಡತೊಡಗಿದ್ದರು.

ನಮ್ಮ ದೇಶದಲ್ಲಿ ಇದು ರಕ್ತಕ್ಕೆ ಇಳಿಯಿತು. 2025ರ ಜುಲೈ, ಆಗಸ್ಟಿನಲ್ಲಿ ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಳ್ಳರು ಡ್ರೋನ್ ಹಾರಿಸಿ ಮನೆ ಗುರುತು ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಗಂಡಸರು ದೊಣ್ಣೆ ಹಿಡಿದು ರಾತ್ರಿಯಿಡೀ ಪಹರೆ ನಿಂತರು. ದಾರಿಹೋಕರಿಗೆ ಪೆಟ್ಟು ಬಿದ್ದವು. ಮುಜಫ್ಫರನಗರದಲ್ಲಿ ಇಬ್ಬರು ಯುವಕರು ಪಾರಿವಾಳಗಳಿಗೆ ಬಣ್ಣದ ದೀಪ ಕಟ್ಟಿ ಬಿಟ್ಟು ಜನರನ್ನು ಹೆದರಿಸಿದ್ದಕ್ಕೆ ಪೊಲೀಸರ ಕೈಗೆ ಸಿಕ್ಕರು. ಈ ಗುಲ್ಲು ರಾಜ್ಯದ ಬೇರೆ ಭಾಗಗಳಿಗೂ ಹರಡಿ, ಅಕ್ಟೋಬರಿನಲ್ಲಿ ರಾಯಬರೇಲಿ ಜಿಲ್ಲೆಯಲ್ಲಿ ಒಬ್ಬ ದಲಿತ ವ್ಯಕ್ತಿಯನ್ನು ಕಳ್ಳನೆಂದು ಶಂಕಿಸಿ ಹೊಡೆದು ಕೊಂದರು. ಅವನ ಕೈಯಲ್ಲಿ ಡ್ರೋನು ಇರಲಿಲ್ಲ. ನಾವು ದೂರದವರಂತೆ ಇದನ್ನು ಕೇಳುವ ಹಾಗಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ತರುಣರನ್ನು ಮಕ್ಕಳ ಕಳ್ಳರೆಂದು ಬೆನ್ನಟ್ಟಿ ಒಬ್ಬನನ್ನು ಕೊಂದದ್ದು ನಮ್ಮ ನಾಡಿನಲ್ಲೇ. ಇಂಥ ನೆಲದಲ್ಲಿ ಯಾರದೆಂದು ತಿಳಿಯದ ಒಂದು ದೀಪ ರಾತ್ರಿ ಹಾರುವುದು ಎಂಥ ಕಿಡಿ ಎಂದು ಹಾರಿಸುವವರೂ ಯೋಚಿಸಬೇಕು, ಕೈಯಲ್ಲಿ ದೊಣ್ಣೆ ಹಿಡಿಯುವವರೂ ಯೋಚಿಸಬೇಕು.

ಕೇಳಲಾಗದೆ ಅನುಭವಿಸುವವರಲ್ಲಿ ಮನುಷ್ಯರಷ್ಟೇ ಇಲ್ಲ. 2018ರಲ್ಲಿ ರಷ್ಯಾದ ಹಿಮದ ಇಳಿಜಾರನ್ನು ಜಾರಿ ಜಾರಿ ಹತ್ತುವ ಕರಡಿ ಮರಿಯ ಡ್ರೋನ್ ವಿಡಿಯೋ ಜಗತ್ತನ್ನೇ ಗೆದ್ದಿತು. ಬಿಡದ ಛಲಕ್ಕೆ ಮಾದರಿ ಎಂದು ಎಲ್ಲರೂ ಹಂಚಿದರು. ಆಮೇಲೆ ವನ್ಯಜೀವಿ ತಜ್ಞರು ತಾಯಿ ಕರಡಿಯನ್ನು ನೋಡಿ ಎಂದರು: ಡ್ರೋನ್ ಹತ್ತಿರ ಬಂದಾಗ ಅದು ಬೆದರಿ ಮರಿಯ ಕಡೆಗೆ ಪಂಜ ಬೀಸಿ ಕೆಳಕ್ಕೆ ಜಾರಿಸುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಪಕ್ಷಿಧಾಮದಲ್ಲಿ ಒಂದು ಡ್ರೋನ್ ಬಿದ್ದದ್ದಕ್ಕೆ ಬೆದರಿ ಸಾವಿರಾರು ಟರ್ನ್ ಹಕ್ಕಿಗಳು ಗೂಡು ಬಿಟ್ಟವು. 1,500ಕ್ಕೂ ಹೆಚ್ಚು ಮೊಟ್ಟೆಗಳು ಅನಾಥವಾದವು. ರಂಗನತಿಟ್ಟಿನ ಮೇಲಾಗಲಿ, ಮನೆಯ ಮರಗಳಲ್ಲೇ ಹೆಜ್ಜಾರ್ಲೆ ಮರಿಮಾಡುವ ಕೊಕ್ಕರೆ ಬೆಳ್ಳೂರಿನ ಮೇಲಾಗಲಿ ಒಂದೊಳ್ಳೆ ದೃಶ್ಯದ ಆಸೆಗೆ ಡ್ರೋನ್ ಏಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕಾನೂನು ಏನು ಮಾಡಿದೆ? ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ 2014ರ ಅಕ್ಟೋಬರಿನಲ್ಲಿ ಖಾಸಗಿಯವರ ಡ್ರೋನ್ ಹಾರಾಟವನ್ನು ಒಂದೇ ಏಟಿಗೆ ನಿಲ್ಲಿಸಿತು. 2018ರಲ್ಲಿ ಮೊದಲ ನಿಯಮಾವಳಿ, 2021ರ ಆಗಸ್ಟಿನಲ್ಲಿ ಅದಕ್ಕಿಂತ ಸಡಿಲವಾದ ಡ್ರೋನ್ ನಿಯಮಗಳು ಬಂದವು. 250 ಗ್ರಾಮಿನೊಳಗಿನ ನ್ಯಾನೊ ಡ್ರೋನಿಗೂ, ವ್ಯಾಪಾರಕ್ಕಲ್ಲದೆ ಹಾರಿಸುವ 2 ಕಿಲೋವರೆಗಿನ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಮುಂಚಿತ ಅನುಮತಿ ಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಹೆಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಯ ವಿಮಾನ ನೆಲೆಗಳಿರುವ ಬೆಂಗಳೂರಿನ ನಕ್ಷೆಯಲ್ಲಿ ಅನುಮತಿ ಬೇಕಾದ ಕೆಂಪು, ಹಳದಿ ವಲಯಗಳೇ ಹೆಚ್ಚು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದರು. ಆದರೂ ಮದುವೆ ಮನೆಗಳಲ್ಲಿ ಹಾರುವುದು ಹೆಚ್ಚಾಗಿ ವಿದೇಶಿ ಡ್ರೋನುಗಳೇ. ಇದರ ಫಲ ಏನೆಂದರೆ ನಮ್ಮ ಎಷ್ಟೋ ಹವ್ಯಾಸಿಗಳು ಅಳುಕಿನಿಂದ ಹಾರಿಸುತ್ತಾರೆ, ಮರೆಯಲ್ಲಿ ನಿಲ್ಲುತ್ತಾರೆ, ಯಾರಾದರೂ ಬಂದರೆ ಬೇಗ ಇಳಿಸಿ ಹೊರಡುತ್ತಾರೆ. ಜನರ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ?

ಈ ನಿಯಮಗಳ ಗಮನವೆಲ್ಲ ವಿಮಾನಗಳ ಸುರಕ್ಷತೆ ಮತ್ತು ಸರ್ಕಾರದ ದಾಖಲೆಯ ಮೇಲೆ. ತಾರಸಿಯಿಂದ ಎದ್ದು ಹೋದ ಹೆಂಗಸಿಗೆ ಅವುಗಳಿಂದ ನೇರವಾಗಿ ಸಿಗುವುದು ತೀರಾ ಕಡಿಮೆ. ಅವಳ ಪರವಾಗಿ ಇರುವ ದೊಡ್ಡ ಆಧಾರವನ್ನು ನಮಗೆ ದಕ್ಕಿಸಿಕೊಟ್ಟವರು ಒಬ್ಬ ಕನ್ನಡಿಗರು ಎಂಬುದನ್ನು ಈ ವೇದಿಕೆಯಲ್ಲಿ ಹೆಮ್ಮೆಯಿಂದ ನೆನೆಯುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ್ದು. ಆ ಹಕ್ಕು ತಾರಸಿಯವರೆಗೆ ಇಳಿದು ಬರುವ ಕೆಲಸ ಇನ್ನೂ ಬಾಕಿಯಿದೆ.

ಹಾರಿಸುವವನು ಮರೆಯಲ್ಲಿರುವ ತೊಡಕಿಗೆ ಅಮೆರಿಕ ಒಂದು ಪ್ರಯೋಗ ಮಾಡಿದೆ. ನೋಂದಣಿ ಬೇಕಾದ ಪ್ರತಿ ಡ್ರೋನೂ ಹಾರುವಾಗ ತಾನು ಎಲ್ಲಿದ್ದೇನೆ, ತನ್ನನ್ನು ಹಾರಿಸುವವನು ಎಲ್ಲಿದ್ದಾನೆ ಎಂಬುದನ್ನು ರೇಡಿಯೋ ಮೂಲಕ ಸಾರುತ್ತಿರಬೇಕು. ರಿಮೋಟ್ ಐಡಿ ಎನ್ನುವ ಈ ವ್ಯವಸ್ಥೆಯನ್ನು 2024ರ ಮಾರ್ಚಿನಿಂದ ಕಟ್ಟುನಿಟ್ಟಾಗಿ ಜಾರಿ ಮಾಡಿದರು. ಫೋನಿನಲ್ಲೊಂದು ಆ್ಯಪ್ ಇದ್ದರೆ ಹತ್ತಿರವಿರುವ ಯಾರಾದರೂ ಅದನ್ನು ಓದಬಹುದು. ಹೆಸರು, ವಿಳಾಸ ಮಾತ್ರ ಅಧಿಕಾರಿಗಳಿಗಷ್ಟೇ ತಿಳಿಯುತ್ತದೆ. ಕೆಂಟಕಿಯ ಆ ತಂದೆಗೆ ಬೇಕಾಗಿದ್ದದ್ದು ಇದೇ. ಹವ್ಯಾಸಿಗಳು ಇದನ್ನು ಜೋರಾಗಿ ವಿರೋಧಿಸಿದರು. ಸಿಟ್ಟಿಗೆದ್ದವರು ನೇರ ನಮ್ಮ ಮೇಲೆಯೇ ಬರುತ್ತಾರೆ ಎಂಬುದು ಅವರ ಭಯ. ಆ ಭಯಕ್ಕೂ ಆಧಾರವಿದೆ. 2014ರ ಮೇ ತಿಂಗಳಲ್ಲಿ ಕನೆಕ್ಟಿಕಟ್ ರಾಜ್ಯದ ಹ್ಯಾಮನಾಸೆಟ್ ಕಡಲತೀರದಲ್ಲಿ ಡ್ರೋನ್ ಹಾರಿಸುತ್ತಿದ್ದ 17 ವರ್ಷದ ಹುಡುಗನ ಮೇಲೆ ಒಬ್ಬ ಯುವತಿ ಬಿದ್ದು ಹೊಡೆದು ಅಂಗಿ ಹರಿದಳು. ಜನರ ಚಿತ್ರ ತೆಗೆಯುತ್ತಾನೆ ಎಂಬುದು ಅವಳ ದೂರು. ಹುಡುಗ ತನ್ನ ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರಿಂದ ಬಚಾವಾದ. ಇಲ್ಲದಿದ್ದರೆ ಪೊಲೀಸರು ಅವಳ ಮಾತನ್ನೇ ನಂಬುವ ಹಾಗಿತ್ತು.

ಎರಡನ್ನೂ ತೂಗಿ ನೋಡಿದ ಮೇಲೂ ನಾನು ಹಾರಿಸುವವರು ಕಾಣುವ ಹಾಗಿರಬೇಕು ಎನ್ನುವ ಕಡೆಗೇ ನಿಲ್ಲುತ್ತೇನೆ. ನಮ್ಮಲ್ಲಿ ಇದಕ್ಕೆ ರೇಡಿಯೋ ಬರುವವರೆಗೆ ಕಾಯಬೇಕಿಲ್ಲ. ಜಾತ್ರೆ, ರಥೋತ್ಸವಗಳಲ್ಲಿ ಡ್ರೋನ್ ಹಾರಿಸುವವರಿಗೆ ಎದ್ದು ಕಾಣುವ ಬಣ್ಣದ ಜಾಕೆಟ್ ಹಾಕಿಸಿ, ನಿಲ್ಲಲು ಒಂದು ಗೊತ್ತಾದ ಜಾಗ ಕೊಟ್ಟು, ಧ್ವನಿವರ್ಧಕದಲ್ಲಿ ಹೇಳಿಸುವುದು ಯಾವ ದೇವಸ್ಥಾನ ಸಮಿತಿಗೂ ಹೊರೆಯಲ್ಲ. ಕಲ್ಯಾಣಮಂಟಪದವರು ಸುತ್ತಲಿನ ಮನೆಗಳಿಗೆ ಹಿಂದಿನ ದಿನವೇ ತಿಳಿಸಬಹುದು. ಹಳ್ಳಿಗೆ ಹೋದ ಹವ್ಯಾಸಿ ಪಂಚಾಯಿತಿ ಕಚೇರಿಯಲ್ಲೋ ಅರಳಿಕಟ್ಟೆಯಲ್ಲೋ ಒಂದು ಮಾತು ಹೇಳಿ, ಜೊತೆಗೊಬ್ಬ ಊರಿನವನನ್ನು ನಿಲ್ಲಿಸಿಕೊಂಡು, ಕೇಳಿದವರಿಗೆ ಪರದೆ ತೋರಿಸಬಹುದು; ನಮ್ಮನೆಯದು ಅಳಿಸಪ್ಪಾ ಎಂದವರೆದುರೇ ಅಳಿಸಬಹುದು. ಇದನ್ನು ನಮ್ಮ ಛಾಯಾಗ್ರಾಹಕರ ಸಂಘಗಳು ತಮ್ಮ ಸದಸ್ಯರಿಗೆ ಕಡ್ಡಾಯ ಮಾಡಬೇಕೆಂದು ಇಲ್ಲಿ ಕೂತಿರುವ ಆ ಸಂಘಗಳ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಬರುವ ಜಾತ್ರೆಯ ಹಂಗಾಮಿಗೆ ಮೊದಲೇ ಇದು ಆಗಲಿ.